ಪೀಣ್ಯದಲ್ಲಿ ದುಡಿಯುವವರ ಗಾಳಿ, ನೀರು, ನಿದ್ದೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದ ಒಂದು ಮಷೀನ್ ಶಾಪ್‌ನಲ್ಲಿ ಹದಿನಾರು ವರ್ಷ ಲೇತ್ ಮೇಲೆ ದುಡಿದವನು. ಈಗ ಅಲ್ಲೇ ಹತ್ತಿರ ನಟ್ಟು ಬೋಲ್ಟಿನ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಎರಡು ವರ್ಷದ ಕೆಳಗೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಎಂಎ ಥರ) ಓದುವ ಹುಡುಗಿಯೊಬ್ಬಳು ಒಂದು ಕಟ್ಟು ಫಾರಂ ಹಿಡಿದುಕೊಂಡು ಅಂಗಡಿಗೆ ಬಂದಳು. "ಅಣ್ಣ, ಕಾರ್ಮಿಕರ ಬದುಕಿನ ಗುಣಮಟ್ಟದ ಸರ್ವೆ. ಒಬ್ಬಳೇ ಹೋದರೆ ಯಾರೂ ಮಾತಾಡ್ತಿಲ್ಲ. ಸ್ವಲ್ಪ ಜೊತೆಗೆ ಬರ್ತೀರಾ?" ಅಂದಳು. ನಾಲ್ಕು ಭಾನುವಾರ ಅವಳ ಜೊತೆ ವಠಾರ ವಠಾರ ಸುತ್ತಿದೆ. ನಾವು ಜನರನ್ನು ಕೇಳಿದ್ದಕ್ಕಿಂತ ಜನ ನಮ್ಮನ್ನು ಕೇಳಿದ್ದೇ ಜಾಸ್ತಿ. ಆ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರೂ ಅಲ್ಲ, ಲಾಯರೂ ಅಲ್ಲ. ಗೊತ್ತಿರುವುದನ್ನು ಮಾತ್ರ ಹೇಳುತ್ತೇನೆ.

ಬದುಕಿನ ಗುಣಮಟ್ಟ ಅಂದರೆ ಸಂಬಳ ತಾನೇ? ಇದರಲ್ಲಿ ಪರಿಸರ ಎಲ್ಲಿಂದ ಬಂತು?

ಸಂಬಳವೂ ಇದೆ, ಆದರೆ ಅದೊಂದೇ ಅಲ್ಲ. ಆ ಹುಡುಗಿ ತಂದಿದ್ದು ವಿಶ್ವ ಆರೋಗ್ಯ ಸಂಸ್ಥೆಯವರು 1990ರ ದಶಕದಲ್ಲಿ ತಯಾರಿಸಿದ ಪ್ರಶ್ನಾವಳಿ. ಮೊದಲು ಅದರಲ್ಲಿ 100 ಪ್ರಶ್ನೆ ಇದ್ದವು. ಅಷ್ಟಕ್ಕೆಲ್ಲ ಉತ್ತರ ಹೇಳುತ್ತಾ ಕೂರುವವರು ಯಾರು? ಆಮೇಲೆ ಅದನ್ನು 26ಕ್ಕೆ ಇಳಿಸಿದರು. ದೇಹ, ಮನಸ್ಸು, ಜನರ ಒಡನಾಟ, ಪರಿಸರ ಅಂತ ನಾಲ್ಕು ಭಾಗ. ಪರಿಸರದ ಭಾಗಕ್ಕೇ 8 ಪ್ರಶ್ನೆ. ನಾಲ್ಕರಲ್ಲಿ ಅದೇ ದೊಡ್ಡದು.

ಆ ಎಂಟು ಪ್ರಶ್ನೆ ಏನು? ಹೊಗೆ, ವಾಸನೆ ಅಂತ ಕೇಳ್ತಾರಾ?

ಹೊಗೆ ಬರುವುದು ಒಂದೇ ಒಂದು ಪ್ರಶ್ನೆಯಲ್ಲಿ. ದಿನನಿತ್ಯ ಓಡಾಡುವಾಗ ಭಯವಿಲ್ಲದೆ ಇದ್ದೀರಾ, ಸುತ್ತಲಿನ ವಾತಾವರಣ ಆರೋಗ್ಯಕರವಾಗಿದೆಯಾ, ಕೈಯಲ್ಲಿ ಬೇಕಾದಷ್ಟು ದುಡ್ಡು ಇದೆಯಾ, ಬೇಕಾದ ಮಾಹಿತಿ ಸಿಗುತ್ತದಾ, ಬಿಡುವು ಸಿಗುತ್ತದಾ, ಇರುವ ಮನೆ ಹೇಗಿದೆ, ಆಸ್ಪತ್ರೆ ಕೈಗೆ ಸಿಗುತ್ತದಾ, ಓಡಾಟಕ್ಕೆ ಏನು ಅನುಕೂಲ. ಇಷ್ಟೇ.

ಮೊದಲ ಸಲ ಓದಿದಾಗ ನನಗೂ ವಿಚಿತ್ರ ಅನ್ನಿಸಿತು. ಬಸ್ಸಿಗೂ ಪರಿಸರಕ್ಕೂ ಏನು ಸಂಬಂಧ? ಆಮೇಲೆ ಲೋಹಕ್ಕೆ ಹೊಳಪಿನ ಲೇಪ ಹಾಕುವ ಪ್ಲೇಟಿಂಗ್ ಶಾಪಿನ ಒಬ್ಬ ಹಿರಿಯರು ತಮ್ಮ ಒಂದು ದಿನದ ಲೆಕ್ಕ ಹೇಳಿದರು. ಬೆಳಗ್ಗೆ ಟ್ಯಾಂಕರ್‌ಗೆ ಕಾಯುವುದು, ಸಿಗ್ನಲ್‌ನಲ್ಲಿ ನಿಲ್ಲುವುದು, ವಾರಕ್ಕೊಮ್ಮೆ ಡಿಸ್ಪೆನ್ಸರಿ ಸಾಲು, ಕ್ಯಾನ್ ನೀರಿಗೆ ಮತ್ತೊಂದು ಸಾಲು. "ಹೊಗೆ ನನ್ನ ಶ್ವಾಸಕೋಶ ತಿಂತದೆ ಅಂತೀರಿ. ಇವು ನನ್ನ ದಿನಾನೇ ತಿಂತವೆ ಕಣಪ್ಪ" ಅಂದರು. ಅವತ್ತಿನಿಂದ ಪೀಣ್ಯದ ಪರಿಸರ ಅಂದರೆ ನನಗೆ ಮೊದಲು ನೆನಪಾಗುವುದು ಚಿಮಣಿ ಅಲ್ಲ, ಕಾಯುವ ಹೊತ್ತು.

ಅಂಕ ಹೇಗೆ ಹಾಕುತ್ತಾರೆ?

ಪ್ರತಿ ಪ್ರಶ್ನೆಗೂ 1ರಿಂದ 5. ಎಂಟೂ ಕೂಡಿ, 8ರಿಂದ ಭಾಗಿಸಿ, 4ರಿಂದ ಗುಣಿಸಬೇಕು. ಒಬ್ಬರ ಉತ್ತರ 3, 2, 2, 3, 2, 3, 4, 3 ಅಂತಿಟ್ಟುಕೊಳ್ಳಿ. ಒಟ್ಟು 22. ಸರಾಸರಿ 2.75. ಗುಣಿಸಿದರೆ 11. ಕನಿಷ್ಠ 4, ಗರಿಷ್ಠ 20 ಬರಬಹುದಾದ್ದರಿಂದ 11 ಅಂದರೆ ಅರ್ಧಕ್ಕಿಂತ ಸ್ವಲ್ಪ ಕೆಳಗೆ. ನೂರಕ್ಕೆ ಎಷ್ಟು ಅಂತ ಬೇಕಾದರೆ 4 ಕಳೆದು, 16ರಿಂದ ಭಾಗಿಸಿ, 100ರಿಂದ ಗುಣಿಸಿ. ಸುಮಾರು 44 ಬರುತ್ತದೆ. ಇದು ಪಾಸು ಫೇಲಿನ ಪರೀಕ್ಷೆ ಅಲ್ಲ, 35 ಬಂದರೆ ಸಾಕು ಅನ್ನುವ ಗೆರೆ ಇಲ್ಲ.

ನಮ್ಮ ಏರಿಯಾದಲ್ಲಿ ತುಂಬಾ ಜನ "ಪರವಾಗಿಲ್ಲ, ಚೆನ್ನಾಗೇ ಇದೆ" ಅಂತ 4 ಹಾಕಿದರು. ಹಾಗಾದರೆ ಪರಿಸರ ಚೆನ್ನಾಗಿದೆ ಅಂತಾನಾ?

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಉತ್ತರ: ಇಲ್ಲ.

ಫಾರಂ ಅಳೆಯುವುದು ಗಾಳಿಯನ್ನಲ್ಲ, ಗಾಳಿಯ ಬಗ್ಗೆ ನಿಮಗೆ ಏನನ್ನಿಸುತ್ತದೆ ಅನ್ನುವುದನ್ನು. ರಾಯಚೂರು ಕಡೆಯ ಹಳ್ಳಿಯಲ್ಲಿ ಕೆಲಸವೇ ಇಲ್ಲದೆ ಬಂದ ಹುಡುಗನಿಗೆ ತಿಂಗಳ ಸಂಬಳ, ನಲ್ಲಿ, ಮೆಟ್ರೊ ಎಲ್ಲ ಕಂಡಾಗ ಪೀಣ್ಯ ಸ್ವರ್ಗದ ಹಾಗೆ ಕಾಣುತ್ತದೆ. ಅವನು 4 ಹಾಕುತ್ತಾನೆ. ಇಲ್ಲೇ ಹುಟ್ಟಿ ಬೆಳೆದವರು ಕೆರೆಯಲ್ಲಿ ಈಜಿದ್ದನ್ನು ನೆನೆದು 1 ಹಾಕುತ್ತಾರೆ. ಇಬ್ಬರೂ ಉಸಿರಾಡುವುದು ಒಂದೇ ಗಾಳಿ. ಇನ್ನು ಇಪ್ಪತ್ತು ವರ್ಷ ಆ್ಯಸಿಡ್ ತೊಟ್ಟಿಯ ಪಕ್ಕ ನಿಂತವರಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಅವರು "ವಾಸನೆನಾ? ಎಲ್ಲಿ?" ಅಂತ ನಮ್ಮನ್ನೇ ಕೇಳಿದರು.

ಅದಕ್ಕೇ ಫಾರಂ ಜೊತೆಗೆ ಇನ್ನೊಂದು ಪ್ರಶ್ನೆ ಸುಮ್ಮನೆ ಬಾಯಿ ಮಾತಲ್ಲಿ ಕೇಳುವುದು ಒಳ್ಳೆಯದು: "ನಿಮ್ಮ ಮಗ ಇದೇ ಮನೇಲಿ, ಇದೇ ಶೆಡ್‌ನಲ್ಲಿ ಇಪ್ಪತ್ತು ವರ್ಷ ಇರಲಿ ಅಂತೀರಾ?" ಆಗ 4 ಹಾಕಿದ ಕೈ ಸ್ವಲ್ಪ ತಡೆಯುತ್ತದೆ.

ಸರಿ, ಪೀಣ್ಯದ ಗಾಳಿ ನಿಜವಾಗಿ ಎಷ್ಟು ಕೆಟ್ಟಿದೆ?

1970ರ ದಶಕದಲ್ಲಿ ಶುರುವಾದ ಪ್ರದೇಶ ಇದು. ಆಗ ಊರಾಚೆ ಇತ್ತು, ಈಗ ಊರೇ ಇದನ್ನು ದಾಟಿ ಮಾದಾವರದವರೆಗೆ ಹೋಗಿದೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 88 ಕೈಗಾರಿಕಾ ಪ್ರದೇಶಗಳಿಗೆ ಗಾಳಿ, ನೀರು, ನೆಲ ಮೂರನ್ನೂ ಸೇರಿಸಿ ಅಂಕ ಕೊಟ್ಟಿತು. ಇಲ್ಲಿ ಅಂಕ ಜಾಸ್ತಿ ಬಂದಷ್ಟೂ ಕೆಟ್ಟದ್ದು. 70ರ ಮೇಲಿನ ಪಟ್ಟಿಯಲ್ಲಿ ನಮ್ಮ ರಾಜ್ಯದ ಮಂಗಳೂರು, ಭದ್ರಾವತಿ ಇದ್ದವು. 60ರಿಂದ 70ರ ನಡುವಿನ ಪಟ್ಟಿಯಲ್ಲಿ ರಾಯಚೂರು, ಬೀದರ್ ಜೊತೆ ಪೀಣ್ಯ ಇತ್ತು.

ಇವತ್ತಿನ ಗಾಳಿ ನೋಡಬೇಕಾದರೆ ಮೊಬೈಲಿನಲ್ಲಿ ಅದೇ ಮಂಡಳಿಯ 'ಸಮೀರ್' ಆ್ಯಪ್ ಹಾಕಿಕೊಳ್ಳಿ. ಪೀಣ್ಯದಲ್ಲಿ ಅಳತೆ ಕೇಂದ್ರ ಇದೆ. ಸೂಚ್ಯಂಕ 50ರ ಒಳಗೆ ಒಳ್ಳೆಯದು, 100ರವರೆಗೆ ಪರವಾಗಿಲ್ಲ, 200 ದಾಟಿದರೆ ಕೆಟ್ಟದ್ದು. ಸಣ್ಣ ದೂಳಿನ ಲೆಕ್ಕ ನೋಡುವವರು ಪಿಎಂ 2.5 ಅನ್ನುವುದನ್ನು ನೋಡಿ. ನಮ್ಮ ದೇಶದ ಮಿತಿ ವರ್ಷದ ಸರಾಸರಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ನಮ್ಮ ಮಿತಿಯೊಳಗೆ ಇದೆ ಅಂದ ಮಾತ್ರಕ್ಕೆ ಶ್ವಾಸಕೋಶ ಒಪ್ಪಿಕೊಂಡಿದೆ ಅಂತ ಅಲ್ಲ.

ಆದರೆ ಒಂದು ಮಾತು. ಆ ಯಂತ್ರ ಅಳೆಯುವುದು ರಸ್ತೆಯ ಗಾಳಿಯನ್ನು. ನೀವು ದಿನಕ್ಕೆ ಎಂಟೋ ಹತ್ತೋ ಗಂಟೆ ಇರುವುದು ಶೆಡ್ ಒಳಗೆ. ಗ್ರೈಂಡಿಂಗ್ ದೂಳು, ವೆಲ್ಡಿಂಗ್ ಹೊಗೆ, ಯಂತ್ರ ಕೊರೆಯುವ ಬಿಸಿ ಲೋಹದ ತುಂಡಿನ ಮೇಲೆ ಬಿದ್ದು ಆವಿಯಾಗುವ ಕೂಲೆಂಟ್ (ತಂಪು ಮಾಡುವ ದ್ರವ), ಇದ್ಯಾವುದೂ ಸಮೀರ್‌ಗೆ ಗೊತ್ತಿಲ್ಲ. ವೆಲ್ಡಿಂಗ್ ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹೊರಗಿನ ಸೂಚ್ಯಂಕ ಹಸಿರು ಇದ್ದರೂ ಒಳಗೆ ಎಕ್ಸಾಸ್ಟ್ ಫ್ಯಾನ್ ಕೆಟ್ಟಿದ್ದರೆ ನಿಮ್ಮ ಪಾಲಿಗೆ ಅದು ಕೆಂಪೇ.

ಬೆಲ್ಲ, ಬಾಳೆಹಣ್ಣು ತಿಂದರೆ ದೂಳು ಇಳಿದು ಹೋಗುತ್ತಂತೆ, ನಿಜಾನಾ?

ನಮ್ಮ ಶಾಪಿನಲ್ಲೂ ದಿನಾ ನಾಲ್ಕು ಗಂಟೆಗೆ ಒಂದು ಉಂಡೆ ಬೆಲ್ಲ ಕೊಡುತ್ತಿದ್ದರು. ನಾನೂ ತಿಂದಿದ್ದೇನೆ, ಖುಷಿಯಾಗಿಯೇ ತಿಂದಿದ್ದೇನೆ. ಆದರೆ ಬೆಲ್ಲ ಹೋಗುವುದು ಹೊಟ್ಟೆಗೆ, ದೂಳು ಕೂರುವುದು ಶ್ವಾಸಕೋಶದಲ್ಲಿ. ದಾರಿಯೇ ಬೇರೆ. ಗಂಟಲಿಗೆ ಸ್ವಲ್ಪ ಹಿತ, ಸುಸ್ತಿಗೆ ಸ್ವಲ್ಪ ಶಕ್ತಿ, ಅಷ್ಟೇ. ಮರಳಿನ ಸಣ್ಣ ದೂಳು ಒಳಗೆ ಹೋಗಿ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಬಂದರೆ ಅದನ್ನು ವಾಪಸ್ ತೆಗೆಯುವ ಔಷಧಿ ಯಾವುದೂ ಇಲ್ಲ. ಫೌಂಡ್ರಿ, ಸ್ಯಾಂಡ್ ಬ್ಲಾಸ್ಟಿಂಗ್ ಮಾಡುವವರು ಇದನ್ನು ಮರೆಯಬೇಡಿ. ಓನರ್ ಬೆಲ್ಲಕ್ಕೆ ಕೊಡುವ ದುಡ್ಡಿನ ಜೊತೆಗೆ ದೂಳು ಎಳೆಯುವ ಫ್ಯಾನಿಗೂ ಕೊಡಲಿ. ಬೆಲ್ಲ ನಿಲ್ಲಿಸಿ ಅಂತ ಮಾತ್ರ ನಾನು ಹೇಳುವುದಿಲ್ಲ.

ಯಾವ ಮಾಸ್ಕ್ ಹಾಕಬೇಕು?

ಕೊರೋನಾ ಕಾಲದ ಬಟ್ಟೆ ಮಾಸ್ಕ್ ಸಣ್ಣ ದೂಳಿಗೆ ಸಾಲದು. ದೂಳಿಗೆ ಎನ್95. ಆದರೆ ಥಿನ್ನರ್, ಪೇಂಟ್, ಆ್ಯಸಿಡ್ ಆವಿಗೆ ಎನ್95 ಕೂಡ ಉಪಯೋಗಕ್ಕೆ ಬಾರದು. ಅದಕ್ಕೆ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು, ಆ ಕಾರ್ಟ್ರಿಡ್ಜನ್ನು ಕಾಲಕಾಲಕ್ಕೆ ಬದಲಾಯಿಸಲೂ ಬೇಕು. ದಪ್ಪ ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಕೂರುವುದಿಲ್ಲ, ಪಕ್ಕದಿಂದ ಗಾಳಿ ನುಗ್ಗುತ್ತದೆ.

ಬೋರ್‌ವೆಲ್ ನೀರನ್ನು ಚೆನ್ನಾಗಿ ಕಾಯಿಸಿ ಕುಡಿದರೆ ಸಾಕಲ್ವಾ?

ಪೀಣ್ಯದ ಮಟ್ಟಿಗೆ ಇದು ತಪ್ಪು, ದಯವಿಟ್ಟು ಮಾಡಬೇಡಿ.

ಕಾಯಿಸಿದರೆ ಸಾಯುವುದು ಕ್ರಿಮಿಗಳು. ಇಲ್ಲಿನ ಅಂತರ್ಜಲದ ದೊಡ್ಡ ತೊಂದರೆ ಕ್ರಿಮಿ ಅಲ್ಲ, ಲೋಹ. ಇಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ತುಂಬಾ ಇವೆ. ನಲ್ಲಿ, ಬಂಪರ್, ಹ್ಯಾಂಡಲ್‌ಗಳಿಗೆ ಆ ಹೊಳಪು ಕೊಡಲು ಬಳಸುವ ಕ್ರೋಮಿಯಂ ತೊಳೆದ ನೀರಿನ ಜೊತೆ ಮೋರಿಗೆ, ನೆಲಕ್ಕೆ ಇಳಿದಿದೆ. ಇಲ್ಲಿನ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುವುದು ಸರ್ಕಾರಿ ಪರೀಕ್ಷೆಗಳಲ್ಲೇ ಕಂಡಿದೆ. ಕ್ರೋಮಿಯಂನ ರೂಪಗಳಲ್ಲಿ ತುಂಬಾ ಅಪಾಯಕಾರಿ ಇದೇ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಅಂತ ಭಾರತೀಯ ಮಾನಕ ಹೇಳುತ್ತದೆ. ಜಾಸ್ತಿ ಇದ್ದಾಗ ನೀರು ಹಳದಿ ಛಾಯೆಗೆ ತಿರುಗುತ್ತದೆ, ಕಮ್ಮಿ ಇದ್ದಾಗ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಕಾಯಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಲೋಹ ಪಾತ್ರೆಯಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್ ಇದನ್ನು ಹಿಡಿಯುವುದಿಲ್ಲ. ಸರಿಯಾಗಿ ನಡೆಯುತ್ತಿರುವ ಆರ್‌ಒ ಹಿಡಿಯುತ್ತದೆ.

ಕುಡಿಯಲು, ಅಡುಗೆಗೆ ಕಾವೇರಿ ನೀರು ಇಲ್ಲವೇ ಕಾಯಿನ್ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದ ನೀರು. ಬೋರ್ ನೀರು ನೆಲ ಒರೆಸಲು, ಟಾಯ್ಲೆಟ್‌ಗೆ. ಎರಡೂ ಒಂದೇ ಸಂಪಿಗೆ ಬೀಳುವ ವಠಾರಗಳೂ ಇವೆ. ಬಾಡಿಗೆಗೆ ಹೋಗುವ ಮೊದಲು ಓನರನ್ನು ಅದೊಂದು ಕೇಳಿ. ಟ್ಯಾಂಕರ್ ನೀರಿನ ಬಗ್ಗೆ ಕೇಳಿದರೆ, ಅದೂ ಸಾಮಾನ್ಯವಾಗಿ ಎಲ್ಲೋ ಒಂದು ಬೋರಿನ ನೀರೇ. ಟ್ಯಾಂಕರ್ ಮೇಲೆ 'ಕುಡಿಯುವ ನೀರು' ಅಂತ ಬರೆದಿರುವುದು ಪೇಂಟರ್, ಲ್ಯಾಬ್ ಅಲ್ಲ. ಜಲಮಂಡಳಿಯ ದೂರು ಸಂಖ್ಯೆ 1916. ಕಾವೇರಿ ನೀರು ಬಣ್ಣ ತಿರುಗಿ ಬಂದರೆ ಅವತ್ತೇ ಕರೆ ಮಾಡಿ, ಬಾಟಲಿಯಲ್ಲಿ ಸ್ವಲ್ಪ ಹಿಡಿದಿಡಿ.

ನಮ್ಮವರು ಪ್ಲೇಟಿಂಗ್ ಕೆಲಸಕ್ಕೆ ಹೋಗುತ್ತಾರೆ. ಏನು ನೋಡಿಕೊಳ್ಳಬೇಕು?

ಮೂಗು, ಕೈ, ಬಟ್ಟೆ.

ಕ್ರೋಮಿಕ್ ಆ್ಯಸಿಡ್ ಆವಿ ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆಯನ್ನು ಮೆಲ್ಲಗೆ ತಿನ್ನುತ್ತದೆ. ಮೊದಲು ಹಕ್ಕಳೆ ಕಟ್ಟುತ್ತದೆ, ಆಗಾಗ ರಕ್ತ ಬರುತ್ತದೆ, ಕೊನೆಗೆ ತೂತೇ ಬೀಳಬಹುದು. ನೋವು ಅಷ್ಟಾಗಿ ಇರುವುದಿಲ್ಲ, ಅದೇ ಮೋಸ. ಬೆರಳ ಗೆಣ್ಣುಗಳ ಮೇಲೆ ಆಳವಾದ ಸಣ್ಣ ಹುಣ್ಣು ಬಂದರೂ "ಎಲ್ಲೋ ತಾಗಿರಬೇಕು" ಅಂತ ಬಿಡುತ್ತಾರೆ. ಶ್ವಾಸಕೋಶದ ಕ್ಯಾನ್ಸರ್‌ಗೂ ಇದಕ್ಕೂ ಸಂಬಂಧ ಇರುವುದು ಖಚಿತವಾಗಿದೆ. ಡಾಕ್ಟರ ಹತ್ತಿರ ಹೋದಾಗ ಬರೀ ಮೂಗಲ್ಲಿ ರಕ್ತ ಅನ್ನಬೇಡಿ, ಕ್ರೋಮ್ ತೊಟ್ಟಿಯ ಹತ್ತಿರ ಕೆಲಸ ಅಂತ ಬಾಯಿಬಿಟ್ಟು ಹೇಳಿ. ಕೇಳದೆ ಅವರಿಗೆ ಹೊಳೆಯುವುದಿಲ್ಲ.

ಬಟ್ಟೆಯ ವಿಷಯ ಜನ ಯೋಚಿಸುವುದೇ ಇಲ್ಲ. ಕೆಲಸದ ಬಟ್ಟೆಯಲ್ಲೇ ಮನೆಗೆ ಬಂದು ಮಗುವನ್ನು ಎತ್ತಿಕೊಂಡರೆ ತೊಟ್ಟಿಯನ್ನೇ ಮನೆಗೆ ತಂದ ಹಾಗೆ. ಅಲ್ಲೇ ಬದಲಾಯಿಸಿ, ಕೈಕಾಲು ತೊಳೆದು ಬನ್ನಿ. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬೇಡಿ. ಬ್ಯಾಟರಿ, ಸೀಸದ ಕೆಲಸದವರಿಗೂ ಇದೇ ಮಾತು.

ಶಬ್ದಕ್ಕೂ ಮಿತಿ ಇದೆಯಾ?

ಇದೆ, ಎರಡು ಥರ. ಹೊರಗಿನ ಶಬ್ದಕ್ಕೆ 2000ದ ನಿಯಮ: ಕೈಗಾರಿಕಾ ಪ್ರದೇಶದಲ್ಲಿ ಹಗಲು 75 ಡೆಸಿಬೆಲ್, ರಾತ್ರಿ 70. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45. ಪೀಣ್ಯದಲ್ಲಿ ಕಷ್ಟ ಏನಂದರೆ ಕೆಳಗೆ ಶೆಡ್, ಮೇಲೆ ಮನೆ. ಇದನ್ನು ಯಾವ ಪ್ರದೇಶ ಅನ್ನುತ್ತೀರಿ?

ಕಾರ್ಖಾನೆಯೊಳಗೆ 90 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ, 95ಕ್ಕೆ 4, 100ಕ್ಕೆ 2 ಗಂಟೆ. ಮೀಟರ್ ಇಲ್ಲದಿದ್ದರೆ ಒಂದು ಸುಲಭ ದಾರಿ: ಒಂದು ಕೈ ಅಳತೆ ದೂರದಲ್ಲಿ ನಿಂತವರ ಜೊತೆ ಕೂಗಿ ಮಾತಾಡಬೇಕಾಗಿ ಬಂದರೆ ಕಿವಿಗೆ ಪೆಟ್ಟು ಬೀಳುತ್ತಿದೆ ಅಂತ ತಿಳಿಯಿರಿ. ಮೊದಲು ಹೋಗುವುದು ಕೀಚಲು ದನಿ. ಹಕ್ಕಿ ಕೂಗು, ಮೊಬೈಲ್ ರಿಂಗ್, ಮಕ್ಕಳ ಮಾತು. ನನ್ನ ಮಗಳು "ಅಪ್ಪಂಗೆ ಟಿವಿ ಜೋರಾಗಿ ಬೇಕು" ಅಂತ ನಗುತ್ತಿದ್ದಳು. ಪ್ರೆಸ್ ಶಾಪ್ ಪಕ್ಕ ಇದ್ದ ಐದು ವರ್ಷದ ಕಾಣಿಕೆ ಅದು. ಹೋದ ಕಿವಿ ವಾಪಸ್ ಬರುವುದಿಲ್ಲ. ಇಯರ್ ಪ್ಲಗ್ ಹತ್ತಿಪ್ಪತ್ತು ರೂಪಾಯಿಗೂ ಸಿಗುತ್ತದೆ.

ನೈಟ್ ಶಿಫ್ಟ್ ಮುಗಿಸಿ ಬಂದರೆ ಶೀಟ್ ಮನೆಯಲ್ಲಿ ಹಗಲು ನಿದ್ದೆ ಬರುವುದಿಲ್ಲ. ಏನು ಮಾಡುವುದು?

ಸರ್ವೆಯಲ್ಲಿ ಜನ ತುಂಬಾ ಹೊತ್ತು ಮಾತಾಡಿದ್ದು ಈ ವಿಷಯಕ್ಕೇ. ಬೆಳಗ್ಗೆ 6ಕ್ಕೆ ಬಿಟ್ಟು, ಏಳಕ್ಕೆ ಮನೆ, ತಿಂಡಿ ತಿಂದು ಮಲಗುವಾಗ ಎಂಟು. ಹತ್ತಕ್ಕೆಲ್ಲ ಶೀಟು ಕಾಯುತ್ತದೆ. ಹನ್ನೊಂದಕ್ಕೆ ಟ್ಯಾಂಕರ್ ಹಾರ್ನ್. ಹನ್ನೆರಡಕ್ಕೆ ಪಕ್ಕದ ಮನೆಯ ಕುಕ್ಕರ್. ಇದು ನಾಲ್ಕು ಗಂಟೆ ನಿದ್ದೆ, ಅದೂ ತುಂಡು ತುಂಡು. ಅದೇ ರಾತ್ರಿ ಮತ್ತೆ ಪ್ರೆಸ್ ಮುಂದೆ ಕೈ ಇಡಬೇಕು.

ಶೀಟಿನ ಮೇಲೆ ಬಿಳಿ ಸುಣ್ಣ ಇಲ್ಲವೇ ಕೂಲಿಂಗ್ ಪೇಂಟ್ ಬಳಿದರೆ ಒಳಗೆ ಬಿಸಿ ಕಮ್ಮಿಯಾಗುತ್ತದೆ. ಮಾರ್ಚ್ ಬರುವ ಮೊದಲೇ ಬಳಿಯಿರಿ. ಕೆಳಗೆ ಥರ್ಮಾಕೋಲ್ ಸೀಲಿಂಗ್ ಹೊಡೆಸುವವರೂ ಇದ್ದಾರೆ, ಆದರೆ ಬೆಂಕಿ ಹತ್ತಿದರೆ ಅದು ಬೇಗ ಉರಿಯುತ್ತದೆ, ಒಲೆಯ ಮೇಲಂತೂ ಬೇಡ. ಹಳೆಯ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದನ್ನು ಉಜ್ಜುವುದು, ಡ್ರಿಲ್ ಹಾಕುವುದು, ಮುರಿದ ಚೂರನ್ನು ಒಣಗಿದ ಹಾಗೇ ಗುಡಿಸುವುದು ಬೇಡ, ನೀರು ಚಿಮುಕಿಸಿ ತೆಗೆಯಿರಿ. ಕಿಟಕಿಗೆ ಕಪ್ಪು ಬಟ್ಟೆ, ಕಿವಿಗೆ ಅದೇ ಶಾಪಿನ ಪ್ಲಗ್. ಶಿಫ್ಟ್ ವಾರವಾರ ಬದಲಾದರೆ ದೇಹ ಹೊಂದಿಕೊಳ್ಳುವಷ್ಟರಲ್ಲಿ ಮತ್ತೆ ಬದಲು. ನಾಲ್ಕೈದು ಜನ ಒಟ್ಟಾಗಿ ಸೂಪರ್‌ವೈಸರ್ ಹತ್ತಿರ ಮಾತಾಡಿದರೆ ಕೆಲವು ಕಡೆ ಕೇಳುತ್ತಾರೆ. ನಮ್ಮಲ್ಲಿ ಕೇಳಲಿಲ್ಲ.

ಮೆಟ್ರೊ ಬಂದಮೇಲೆ ಓಡಾಟ ಸುಲಭವಾಯಿತಲ್ವಾ?

ಆಯಿತು, ಅದನ್ನು ಒಪ್ಪಲೇಬೇಕು. 2014ರ ಮಾರ್ಚ್‌ನಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿಯವರೆಗೆ ಬಂತು, ಮರು ವರ್ಷ ನಾಗಸಂದ್ರ, 2024ರ ನವೆಂಬರ್‌ನಲ್ಲಿ ಮಾದಾವರ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಬಸ್ಸಲ್ಲಿ ಬೆವರುತ್ತಾ ನಿಂತವರಿಗೆ ಅದರ ಬೆಲೆ ಗೊತ್ತು. 2021ರ ಡಿಸೆಂಬರ್‌ನಲ್ಲಿ ತುಮಕೂರು ರಸ್ತೆಯ ಫ್ಲೈಓವರ್ ಮುಚ್ಚಿದಾಗ ಲಾರಿಗಳೆಲ್ಲ ಕೆಳಗಿಳಿದವಲ್ಲ, ಆಗಿನ ಹೊಗೆ ದೂಳು ಇನ್ನೂ ನೆನಪಿದೆ.

ಆದರೆ ಸ್ಟೇಷನ್ನಿನಿಂದ ಶೆಡ್‌ಗೆ ಇನ್ನೂ ಎರಡು ಮೂರು ಕಿಲೋಮೀಟರ್ ಇರುತ್ತದೆ. ಫುಟ್‌ಪಾತ್ ಮೇಲೆ ಲಾರಿ, ರಸ್ತೆಯಲ್ಲಿ ಗುಂಡಿ, ಮಳೆ ಬಂದರೆ ಮೋರಿ ಯಾವುದು ದಾರಿ ಯಾವುದು ಗೊತ್ತಾಗುವುದಿಲ್ಲ. ಮೆಟ್ರೊ ದರವೂ 2025ರಲ್ಲಿ ಏರಿತು. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ. ಹಾಗಾಗಿ ಗಂಡ ಮೆಟ್ರೊ, ಹೆಂಡತಿ ಬಸ್ಸು ಅನ್ನುವ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ.

ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರಿಗೆ ಬೇರೆ ಏನಾದರೂ ತೊಂದರೆ ಇದೆಯಾ?

ಈ ಭಾಗ ನಾನು ಹೇಳುವುದಕ್ಕಿಂತ ಆ ಹುಡುಗಿ ಬರೆದುಕೊಂಡಿದ್ದನ್ನು ಹೇಳುತ್ತೇನೆ. ಮನೆಮನೆಯಲ್ಲೂ ಅಕ್ಕಂದಿರು ಹೇಳಿದ್ದು ಒಂದೇ: ಟಾಯ್ಲೆಟ್‌ಗೆ ಎದ್ದರೆ ಟಾರ್ಗೆಟ್ ಹಿಂದೆ ಬೀಳುತ್ತದೆ, ಅದಕ್ಕೇ ನೀರೇ ಕಮ್ಮಿ ಕುಡಿಯುತ್ತೇವೆ. ಇದರಿಂದ ಉರಿಮೂತ್ರ, ತಲೆನೋವು. ಬಾಟಲಿಯಲ್ಲಿ ನೀರು ಇದೆ, ಕುಡಿಯಲು ಧೈರ್ಯ ಇಲ್ಲ. ಇದು ನೀರಿನ ತೊಂದರೆಯಾ, ಹೊತ್ತಿನ ತೊಂದರೆಯಾ? ಬಟ್ಟೆಯ ನುಣುಪಾದ ದೂಳು, ದಿನವಿಡೀ ಕುಳಿತ ಬೆನ್ನು ಇವೂ ಇವೆ. ಇನ್ನು ಕತ್ತಲಾದ ಮೇಲೆ ಬೀದಿ ದೀಪ ಇಲ್ಲದ ಗಲ್ಲಿಯಲ್ಲಿ ಮನೆಗೆ ನಡೆಯುವುದು. "ಭಯವಿಲ್ಲದೆ ಇದ್ದೀರಾ" ಅನ್ನುವ ಪ್ರಶ್ನೆಗೆ ಗಂಡಸರು ಯೋಚನೆಯನ್ನೂ ಮಾಡದೆ 4 ಹಾಕಿದರು. ಹೆಂಗಸರು ಪೆನ್ನು ಹಿಡಿದು ಸುಮ್ಮನೆ ಕೂತರು.

ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಯಾರಿಗೆ ಸಿಗುತ್ತದೆ? ಕೆಲಸದಿಂದ ಬಂದ ಕಾಯಿಲೆಗೂ ಆಗುತ್ತದಾ?

ತಿಂಗಳ ಸಂಬಳ 21,000 ರೂಪಾಯಿ ಒಳಗೆ ಇದ್ದು, ಜಾಗದಲ್ಲಿ 10 ಅಥವಾ ಹೆಚ್ಚು ಜನ ಇದ್ದರೆ ಸಿಗಬೇಕು. ನಿಮ್ಮ ಸಂಬಳದಿಂದ 0.75 ಶೇಕಡ, ಓನರ್ ಕಡೆಯಿಂದ 3.25 ಶೇಕಡ. ಕಾಯಿಲೆ ಬಿದ್ದು ರಜೆ ಹಾಕಿದರೆ, ಕಂತು ಸರಿಯಾಗಿ ಕಟ್ಟಿದ್ದರೆ, ವರ್ಷಕ್ಕೆ 91 ದಿನದವರೆಗೆ ಸಂಬಳದ 70 ಶೇಕಡ ಬರುತ್ತದೆ. ಕೆಲಸದಿಂದಲೇ ಬಂದ ಕಾಯಿಲೆ ಅಂತ ಸಾಬೀತಾದರೆ ಅದನ್ನು ಕೆಲಸದಲ್ಲಾದ ಗಾಯದ ಹಾಗೆ ನೋಡುತ್ತಾರೆ, ಆಗ 90 ಶೇಕಡ. ಸಿಲಿಕೋಸಿಸ್, ಶಬ್ದದಿಂದ ಕಿವಿ ಹೋಗುವುದು, ಕ್ರೋಮಿಯಂನಿಂದ ಆಗುವ ಕಾಯಿಲೆ ಎಲ್ಲ ಆ ಪಟ್ಟಿಯಲ್ಲಿವೆ.

ಸ್ಲಿಪ್ಪಿನಲ್ಲಿ ದುಡ್ಡು ಹಿಡಿದಿದ್ದಾರೆ ಅಂದ ತಕ್ಷಣ ಕಟ್ಟಿದ್ದಾರೆ ಅಂತ ನಂಬಬೇಡಿ. ನಿಮ್ಮ ಇಎಸ್‌ಐ ನಂಬರ್ ಹಾಕಿ ವೆಬ್‌ಸೈಟಿನಲ್ಲೇ ನೋಡಬಹುದು. ನನಗೆ ಒಂದು ಕಡೆ ಏಳು ತಿಂಗಳು ಹಿಡಿದು ಎರಡು ತಿಂಗಳು ಕಟ್ಟಿದ್ದರು.

ನಮ್ಮ ಶೆಡ್‌ನಲ್ಲಿ ಎಂಟೇ ಜನ. ನಮಗೆ ಯಾವ ಕಾನೂನೂ ಇಲ್ವಾ?

ಇಲ್ಲಿ ಒಂದು ಗೊಂದಲ ಇದೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಕರೆಂಟ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ಇದ್ದರೆ ಅದು ಕಾರ್ಖಾನೆ. ಅದರ ಜಾಗಕ್ಕೆ ಬಂದ 2020ರ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ಈ ಲೆಕ್ಕ 20 ಮತ್ತು 40 ಆಗಿದೆ. ಅಂದರೆ ಪೀಣ್ಯದ ಎಷ್ಟೋ ಸಣ್ಣ ಶೆಡ್‌ಗಳು ಕಾಗದದ ಮೇಲೆ ಕಾರ್ಖಾನೆಯೇ ಅಲ್ಲ. ಹನ್ನೆರಡು ಜನರ ಶೆಡ್‌ನಲ್ಲಿ ದೂಳು ಕಮ್ಮಿ ಅಂತ ಯಾರು ಹೇಳಿದರೋ ನನಗಂತೂ ಗೊತ್ತಿಲ್ಲ.

ಆದರೆ 1974ರ ಜಲ ಕಾಯ್ದೆಗೂ 1981ರ ವಾಯು ಕಾಯ್ದೆಗೂ ತಲೆ ಎಣಿಕೆ ಇಲ್ಲ. ಇಬ್ಬರೇ ಇರುವ ಪ್ಲೇಟಿಂಗ್ ತೊಟ್ಟಿಯಾದರೂ ಮಾಲಿನ್ಯ ಮಂಡಳಿಯ ಒಪ್ಪಿಗೆ ಬೇಕು. ಉದ್ಯಮಗಳನ್ನು ಮಾಲಿನ್ಯಕ್ಕೆ ತಕ್ಕ ಹಾಗೆ ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತೆಲ್ಲ ವಿಂಗಡಿಸಿದ್ದಾರೆ. ನಿಮ್ಮದು ಯಾವ ಬಣ್ಣ, ಒಪ್ಪಿಗೆ ಪತ್ರ ಯಾವ ದಿನದವರೆಗೆ ಇದೆ ಅಂತ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಯಾರು ಬೇಕಾದರೂ ಕೇಳಬಹುದು.

ದೂರು ಕೊಟ್ಟರೆ ಕೆಲಸ ಹೋಗುತ್ತದಲ್ವಾ?

ಹೋಗಬಹುದು. ಇಲ್ಲ ಅಂತ ಸುಳ್ಳು ಹೇಳಲಾರೆ. ದೂರು ಯಾರು ಕೊಟ್ಟರು ಅನ್ನುವುದನ್ನು ಇನ್‌ಸ್ಪೆಕ್ಟರ್ ಗುಟ್ಟಾಗಿಡಬೇಕು ಅಂತ ಹಳೆಯ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಆದರೆ ಎಂಟು ಜನರ ಶೆಡ್‌ನಲ್ಲಿ ಗುಟ್ಟು ಎಷ್ಟು ದಿನ? ಅದಕ್ಕೇ ಒಬ್ಬರೇ ಹೋಗಬೇಡಿ. ಯೂನಿಯನ್ ಇದ್ದರೆ ಅವರ ಮೂಲಕ, ಇಲ್ಲದಿದ್ದರೆ ಬೀದಿಯ ನಿವಾಸಿಗಳ ಹೆಸರಲ್ಲಿ ಕೊಡಿ. ಮೋರಿಯಲ್ಲಿ ಬಣ್ಣದ ನೀರು ಹರಿದರೆ ಅದು ಕಾರ್ಮಿಕರ ದೂರು ಆಗಬೇಕಿಲ್ಲ, ಬೀದಿಯವರ ದೂರಾದರೂ ಸಾಕು. ತಾರೀಖು, ಗಂಟೆ ಕಾಣುವ ಫೋಟೋ ಇಟ್ಟುಕೊಳ್ಳಿ. ಎಷ್ಟೋ ಕಡೆ ಬಿಡುವುದು ರಾತ್ರಿ, ಇಲ್ಲವೇ ಜೋರು ಮಳೆ ಬಂದಾಗ. ಶೆಡ್ ಒಳಗಿನ ದೂಳು, ಯಂತ್ರದ ಅಪಾಯ ಆದರೆ ಕಾರ್ಖಾನೆಗಳ ಇಲಾಖೆ. ಹೊರಗಿನ ಹೊಗೆ, ಮೋರಿ ಆದರೆ ಮಾಲಿನ್ಯ ಮಂಡಳಿ. ತಪ್ಪು ಕಚೇರಿಗೆ ಕೊಟ್ಟರೆ ಅರ್ಜಿ ಮೂರು ತಿಂಗಳು ಟೇಬಲ್ಲಿಂದ ಟೇಬಲ್ಲಿಗೆ ತಿರುಗುತ್ತದೆ.

ಇವನ್ನೆಲ್ಲ ಮುಚ್ಚಿಸಿಬಿಟ್ಟರೆ ಆಯಿತಲ್ಲ?

ಇದನ್ನು ಕೇಳುವವರು ಸಾಮಾನ್ಯವಾಗಿ ಇಲ್ಲಿ ದುಡಿಯುವವರಲ್ಲ. ಮುಚ್ಚಿದರೆ ಎಂಟು ಪ್ರಶ್ನೆಯಲ್ಲಿ ಗಾಳಿಯ ಅಂಕ ಏರಿ, ದುಡ್ಡಿನ ಅಂಕ ನೆಲಕ್ಕೆ ಬೀಳುತ್ತದೆ. ಪ್ಲೇಟಿಂಗ್‌ನವರು ತಲಾ ಒಂದೊಂದು ಶುದ್ಧೀಕರಣ ಘಟಕ ಕಟ್ಟಲಾರರು, ಎಲ್ಲರಿಗೂ ಸೇರಿ ಒಂದು ಘಟಕ ಇದ್ದು ಅದು ನಿಜವಾಗಿ ನಡೆದರೆ ಕೆಲಸವೂ ಉಳಿಯುತ್ತದೆ, ಬೋರೂ ಉಳಿಯುತ್ತದೆ.

ನಾವು ಪೀಣ್ಯದವರಲ್ಲ. ನಮಗೂ ಇದು ಅನ್ವಯಿಸುತ್ತದಾ?

ಪ್ರಶ್ನೆಗಳು ಅವೇ, ಉತ್ತರ ಊರಿಗೊಂದು. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಫೌಂಡ್ರಿ ಮರಳು, ಬೀದರಿನ ಕೊಳಾರದಲ್ಲಿ ಔಷಧ ಕಾರ್ಖಾನೆಗಳ ರಾಸಾಯನಿಕ, ತೋರಣಗಲ್ಲಿನಲ್ಲಿ ಅದಿರು ದೂಳು, ಶಹಾಬಾದಿನಲ್ಲಿ ಕಲ್ಲು ಕೊಯ್ಯುವ ದೂಳು. ಗಡಿ ದಾಟಿ ಹೊಸೂರಿಗೆ ದಿನಾ ಹೋಗಿಬರುವ ನಮ್ಮವರು ತುಂಬಾ ಇದ್ದಾರೆ. ಅವರು ದೂರು ಕೊಡಬೇಕಾದ್ದು ತಮಿಳುನಾಡಿನ ಮಂಡಳಿಗೆ.

ಬಿಡುವಿನ ಪ್ರಶ್ನೆಗೆ ಏನು ಬರೆಯಬೇಕು? ನಮಗೆ ಭಾನುವಾರವೂ ಓಟಿ.

ಹಾಗಿದ್ದರೆ 1 ಹಾಕಿ. ನಾಚಿಕೆ ಬೇಡ.

ಆ ಫಾರಂ ನಾವೇ ತುಂಬಬಹುದಾ? ಯಾವಾಗ ತುಂಬಿದರೆ ಒಳ್ಳೆಯದು?

ತುಂಬಬಹುದು, ಕನ್ನಡದಲ್ಲೂ ಇದೆ. ಅದು ಕೇಳುವುದು ಹಿಂದಿನ ಎರಡು ವಾರದ ಬಗ್ಗೆ ಮಾತ್ರ. ಹಾಗಾಗಿ ಒಮ್ಮೆ ತುಂಬಿದರೆ ಸಾಲದು. ಏಪ್ರಿಲ್‌ನಲ್ಲಿ ಟ್ಯಾಂಕರ್‌ಗೆ ಕಾಯುವಾಗ ಒಮ್ಮೆ, ಆಗಸ್ಟ್‌ನಲ್ಲಿ ಮೋರಿ ಉಕ್ಕುವಾಗ ಇನ್ನೊಮ್ಮೆ ತುಂಬಿ. ನೈಟ್ ಶಿಫ್ಟ್ ಇರುವ ವಾರ, ಇಲ್ಲದ ವಾರ ಅಂತಲೂ ಬೇರೆ ಬೇರೆ ನೋಡಿ. ಹಾಗೆ ತುಂಬಿದ ಒಬ್ಬರಿಗೆ ಒಮ್ಮೆ 13 ಬಂತು, ಒಮ್ಮೆ 9. ಮನೆ ಅದೇ, ಸಂಬಳ ಅದೇ. ಬದಲಾಗಿದ್ದು ಶಿಫ್ಟು ಮತ್ತು ನೀರು ಬರುವ ಹೊತ್ತು.